ವಾಪಸು ಬರುವ ಸಬೂತು

ಬೀದರ
೮ ಜನವರಿ ೨೦೨೫

ಗಂಗುಬಾಯಿಯವರಿಗೆ, ಮರ್ಸಿಯ ತಾಯಿ ಎಡಿತ ಬರ್ನಬಾಸ ಬರೆಯುವುದು.

ಫೋನಿರುವಾಗ ಕಾಗದ ಯಾಕೆ ಎಂದು ನೀವು ಕೇಳಬಹುದು. ಮೂರು ವರ್ಷದ ಹಿಂದೆ ನಮ್ಮ ಮರ್ಸಿ, ನಿಮ್ಮ ಅನೀಲಕುಮಾರ ರಿಜಿಸ್ಟರ್ ಮದುವೆ ಮಾಡಿಕೊಂಡ ದಿನ ನಾವಿಬ್ಬರು ಫೋನಿನಲ್ಲಿ ಒಬ್ಬರಿಗೊಬ್ಬರು ಏನೇನು ಅಂದೆವು ಎಂಬುದು ನಿಮಗೂ ನೆನಪಿದೆ, ನನಗೂ ನೆನಪಿದೆ. ಕಾಗದದಲ್ಲಾದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಸುಮ್ಮನಿರಬೇಕಾಗುತ್ತದೆ.

ಮರ್ಸಿಗೆ ದಿನ ತುಂಬುವುದು ಜುಲೈ ಕೊನೆಗೆ. ಅನೀಲ ನಿಮಗೆ ಹೇಳಿರಬೇಕು. ಹೆರಿಗೆಗೆ ಅವಳು ಊರಿಗೆ ಬರುವಂತಿಲ್ಲ, ಐರ್ಲೆಂಡಿನ ಡಾಕ್ಟರು ಪ್ರಯಾಣ ಬೇಡ ಎಂದಿದ್ದಾರೆ. ಆದ್ದರಿಂದ ನಾವೇ ಅಲ್ಲಿಗೆ ಹೋಗಬೇಕು. ಅವಳ ಮಾತು ಇದ್ದಂತೆಯೇ ಬರೆಯುತ್ತೇನೆ: "ಅಮ್ಮಾ, ಬಂದ್ರ ಇಬ್ಬರೂ ಕೂಡಿ ಬರ್ರಿ. ಒಬ್ಬಾಕಿ ಬಂದು ಇನ್ನೊಬ್ಬಾಕಿ ಮ್ಯಾಲ ನನ್ನ ಕಿವಿ ತುಂಬೋದು ಬ್ಯಾಡ."

ಸಿಗುವುದು ಪ್ರವಾಸಿ ವೀಸಾ, ಹೆಚ್ಚೆಂದರೆ ಮೂರು ತಿಂಗಳು. ಚೌಬಾರಾ ಹತ್ತಿರ ಅಬ್ದುಲ ಖಾದರ ಎಂಬವರು ಈ ಕಾಗದಪತ್ರಗಳ ಕೆಲಸ ಮಾಡುತ್ತಾರೆ. ನಿಮ್ಮ ಪಾಸ್‌ಪೋರ್ಟ್, ಬ್ಯಾಂಕಿನ ಪಾಸ್‌ಬುಕ್ಕು, ಹೊಲದ ಪಹಣಿ ನನಗೆ ಕಳಿಸಿ. ಜೊತೆಗೆ ಎರಡು ಫೋಟೋ ಬೇಕು. ಹಿಂದೆ ಬಿಳಿ ಗೋಡೆ ಇರಬೇಕು, ತಲೆಯ ಮೇಲೆ ಸೆರಗು ಇರಬಾರದು. ಕೊನೆಗೆ, ನಾವು ಹೋದವರು ತಿರುಗಿ ಊರಿಗೆ ಬರುತ್ತೇವೆ ಎಂದು ವೀಸಾ ಕೊಡುವವರಿಗೆ ನಂಬಿಕೆ ಬರುವ ಹಾಗೆ ಒಂದು ಪತ್ರ. ಅಬ್ದುಲ ಖಾದರ ಹೇಳಿದ್ದು: "ಸಿಸ್ಟರ್, ಅವರದು ಒಂದೇ ಸವಾಲ್ ಇರ್ತದ್ರಿ. ವಾಪಸ್ ಬರೋ ಸಬೂತ ಏನದ?" ಪತ್ರ ನಾನು ಬರೆಯುತ್ತೇನೆ, ನೀವು ಸಹಿ ಮಾಡಿದರೆ ಸಾಕು.

ಎಡಿತ ಬರ್ನಬಾಸ


ಸಂತಪುರ, ತಾಲೂಕು ಔರಾದ
೧೯ ಜನವರಿ ೨೦೨೫

ಎಡಿತಬಾಯಿಯವರಿಗೆ ಗಂಗುಬಾಯಿಯ ಶರಣು.

ನಿಮ್ಮ ಕಾಗದ ಓದಿದೆ. ಆಸ್ಪತ್ರೆಯ ಚೀಟಿ ಓದಿದ ಹಾಗಾಯಿತು, ಬೆಳಿಗ್ಗೆ ಇದು, ಸಂಜೆಗೆ ಅದು. ನಾನು ಏಳನೇ ಇಯತ್ತೆ ಓದಿದವಳು, ನನ್ನ ಪತ್ರವನ್ನು ನಾನೇ ಬರೆಯಬಲ್ಲೆ. ಆದರೆ ಇಂಗ್ಲಿಷು ಬಾರದು, ಅದಕ್ಕೆ ನೀವೇ ಬರೆಯಿರಿ.

ಪಾಸ್‌ಪೋರ್ಟ್ ಕಳಿಸಿದ್ದೇನೆ. ಅನೀಲ ಹಟ ಹಿಡಿದು ಹೋದ ವರ್ಷವೇ ಮಾಡಿಸಿದ್ದ. ಪಹಣಿಯೂ ಇದೆ. ಪಹಣಿಯಲ್ಲಿ ಹೊಲ ಮಾತ್ರ ಇದೆ, ಕುರಿಗಳನ್ನು ಯಾವ ಕಾಗದದಲ್ಲೂ ಬರೆದಿಲ್ಲ. ಅವು ಎಣಿಸಿದಾಗ ಇರುತ್ತವೆ ಅಷ್ಟೇ.

ಫೋಟೋ ಇಟ್ಟಿದ್ದೇನೆ. ಔರಾದದ ಸ್ಟುಡಿಯೋದಲ್ಲಿ ತೆಗೆಸಿದ್ದು. ಸೆರಗು ತಲೆಯ ಮೇಲೆ ಇದೆ, ಇರುತ್ತದೆ. ಅದರ ಬಗ್ಗೆ ಮಾತು ಬೆಳೆಸಬೇಡಿ.

ಮರ್ಸಿ ಏನು ಊಟ ಮಾಡುತ್ತಾಳೆ? ಅನೀಲನನ್ನು ಕೇಳಿದರೆ, "ಎಲ್ಲಾ ತಿಂತಾಳವ್ವಾ" ಎನ್ನುತ್ತಾನೆ. ಗಂಡಸರಿಗೆ ಎಲ್ಲ ಎಂದರೆ ಎಷ್ಟು ಎಂದು ಗೊತ್ತಿರುವುದಿಲ್ಲ. ನೀವು ತಿಳಿಸಿ.

ಗಂಗುಬಾಯಿ ಧೊಂಡಿಬಾ


ಬೀದರ
೨೭ ಜನವರಿ ೨೦೨೫

ಗಂಗುಬಾಯಿಯವರಿಗೆ,

ಫೋಟೋ ವಾಪಸು ಕಳಿಸಿದ್ದೇನೆ, ಇದು ನಡೆಯುವುದಿಲ್ಲ. ಧರ್ಮದ ಕಾರಣಕ್ಕೆ ತಲೆ ಮುಚ್ಚುವವರಿಗೆ ವಿನಾಯಿತಿ ಇದೆಯಂತೆ. ನಿಮ್ಮದು ಧರ್ಮವೋ ಪದ್ಧತಿಯೋ ಎಂದು ಅಬ್ದುಲ ಖಾದರ ಕೇಳಿದರು. ನಾನು ಏನು ಉತ್ತರ ಕೊಡಲಿ?

ನೇರವಾಗಿಯೇ ಕೇಳುತ್ತೇನೆ. ನನ್ನ ಜೊತೆ ಬರುವುದಕ್ಕೆ ಮನಸ್ಸಿಲ್ಲದಿದ್ದರೆ ಹಾಗೆಂದು ಬರೆಯಿರಿ, ಸೆರಗಿನ ನೆಪ ಬೇಡ. ನಾವು ಬರಿತಲೆಯಲ್ಲಿ ತಿರುಗುವವರು, ನೀವು ಹಾಗಲ್ಲ ಎಂದು ತೋರಿಸುವುದಾಗಿದ್ದರೆ ಒಂದು ಮಾತು ತಿಳಿದಿರಲಿ. ಪ್ರಾರ್ಥನೆಗೆ ಹೋದರೆ ನಾವೂ ತಲೆ ಮುಚ್ಚುತ್ತೇವೆ. ಸೆರಗು ನಿಮ್ಮೊಬ್ಬರ ಸೊತ್ತಲ್ಲ.

ಹೊತ್ತು ಕಳೆದರೆ ವಿಮಾನದ ಟಿಕೇಟು ಏರುತ್ತದೆ. ಮುಂದಿನ ವಾರದೊಳಗೆ ಸರಿಯಾದ ಫೋಟೋ ಬರದಿದ್ದರೆ ನಾನೊಬ್ಬಳೇ ಅರ್ಜಿ ಹಾಕುತ್ತೇನೆ.

ಎಡಿತ ಬರ್ನಬಾಸ


ಸಂತಪುರ
೫ ಫೆಬ್ರುವರಿ ೨೦೨೫

ಎಡಿತಬಾಯಿಯವರಿಗೆ,

ನೀವೇ ಹೋಗಿ ಬನ್ನಿ. ಹಡೆದ ತಾಯಿ ನೀವು, ಮೊದಲ ಬಾಣಂತನ ನಿಮ್ಮ ಹಕ್ಕು.

ಇವರು ಉಣ್ಣೆ ಮಾರಲು ಬೀದರಕ್ಕೆ ಬರುವವರಿದ್ದಾರೆ. ಅವರ ಕೈಯಲ್ಲಿ ಒಂದು ಸಣ್ಣ ಕಂಬಳಿ ಕಳಿಸುತ್ತೇನೆ. ಮರಿಗಳ ಉಣ್ಣೆಯದು, ಮೈಗೆ ಚುಚ್ಚುವುದಿಲ್ಲ. ಅಲ್ಲಿ ಚಳಿ ಬಹಳವಂತೆ. ಕೂಸಿಗೆ ಹೊದಿಸಿ. ಯಾರು ಕೊಟ್ಟರು ಎಂದು ಮರ್ಸಿಗೆ ಹೇಳಿದರೂ ಸರಿ, ಬಿಟ್ಟರೂ ಸರಿ.

ಗಂಗುಬಾಯಿ


ಬೀದರ
೨೪ ಮಾರ್ಚ್ ೨೦೨೫

ಗಂಗುಬಾಯಿಯವರಿಗೆ,

ನನ್ನ ವೀಸಾ ಆಗಲಿಲ್ಲ.

ಹತ್ತು ಹಾಳೆ ಕಳಿಸಿದ್ದೆ. ಪಿಂಚಣಿಯ ಕಾಗದ, ಬ್ಯಾಂಕಿನ ಕಾಗದ, ನಮ್ಮ ಸಭೆಯ ಪಾಸ್ಟರು ಬರೆದುಕೊಟ್ಟ ಪತ್ರ, ಎಲ್ಲ ಇತ್ತು. ಅವರು ಬರೆದದ್ದು ಇಷ್ಟೇ. ಅವಧಿ ಮುಗಿದ ಮೇಲೆ ಅರ್ಜಿದಾರರು ಊರಿಗೆ ಮರಳಲೇಬೇಕಾದ ಬಾಧ್ಯತೆ ಏನೂ ಕಾಣುತ್ತಿಲ್ಲ. ಓದಿ ಮೊದಲು ಸಿಟ್ಟು ಬಂತು. ಆಮೇಲೆ ಆ ಸಾಲನ್ನೇ ಮತ್ತೆ ಮತ್ತೆ ಓದಿದೆ.

ಮರ್ಸಿ ಫೋನಿನಲ್ಲಿ ಅತ್ತಳು. "ಇಬ್ಬರೂ ಬರ್ರಿ ಅಂತ ಹೇಳಿದ್ದಿಲ್ಲೇನು ನಾ? ಒಬ್ಬಾಕೀನ ಯಾಕ ಅರ್ಜಿ ಹಾಕ್ದಿ?" ಎಂದಳು.

ನಿಮಗೆ ಹೇಳದ ಒಂದು ವಿಷಯವಿದೆ. ಹೇಳಬೇಡ ಎಂದು ಅವಳೇ ಅಂದಿದ್ದಳು. ಹೋದ ವರ್ಷ ಅವಳಿಗೆ ಐದು ತಿಂಗಳಲ್ಲಿ ಒಂದು ಹೋಯಿತು. ಈ ಸಲ ಬಿಪಿ ಈಗಲೇ ಏರಿದೆ. ಅದಕ್ಕೇ ಪ್ರಯಾಣ ಬೇಡ ಎಂದದ್ದು. ನಲವತ್ತು ವರ್ಷ ನರ್ಸಾಗಿ ಬೇರೆಯವರ ಮಕ್ಕಳ ಹೆರಿಗೆ ನೋಡಿದವಳು ನಾನು. ನನ್ನ ಮಗಳ ಬಿಪಿ ಎಷ್ಟಿದೆ ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತೇನೆ.

ಈಗ ಕೇಳುವುದು ಇದು. ನೀವು ಅರ್ಜಿ ಹಾಕಿ. ನಿಮಗೆ ಯಜಮಾನರಿದ್ದಾರೆ, ಹೊಲವಿದೆ, ಹಿಂಡಿದೆ. ನೀವು ವಾಪಸು ಬರುತ್ತೀರಿ ಎಂದು ಯಾರಾದರೂ ನಂಬುತ್ತಾರೆ. ಫೋಟೋ ಹೇಗಾದರೂ ಮಾಡಿ ತೆಗೆಸಿ, ನಿಮ್ಮ ಕೈ ಮುಗಿಯುತ್ತೇನೆ. ಅವಳ ಹತ್ತಿರ ನಮ್ಮಲ್ಲಿ ಒಬ್ಬರಾದರೂ ಇರಲಿ. ಅದು ನೀವಾದರೂ ನನಗೆ ಸಮಾಧಾನ.

ಕಂಬಳಿ ನನ್ನ ಟ್ರಂಕಿನಲ್ಲಿ ಹಾಗೆಯೇ ಇದೆ.

ಎಡಿತ


ಸಂತಪುರ
೨ ಏಪ್ರಿಲ್ ೨೦೨೫

ಬೀಗತಿ ಎಡಿತಬಾಯಿಯವರಿಗೆ ಗಂಗುಬಾಯಿಯ ಶರಣು.

ನಿಮ್ಮ ಕಾಗದ ಯುಗಾದಿಯ ಮರುದಿನ ಬಂತು. ಓದಿ ಅಡುಗೆಮನೆಗೆ ಹೋಗಿ ಅತ್ತೆ. ಹೋದ ಕೂಸಿನ ಸುದ್ದಿ ಇಷ್ಟು ತಡವಾಗಿ ತಿಳಿಯಿತಲ್ಲ ಎಂದು ಅತ್ತೆ. ಇವರಿಗೆ ಹೇಳಿದೆ. ಅವರು ಕುರಿ ಬಿಟ್ಟುಕೊಂಡು ಹೋದರು, ಸಂಜೆ ತನಕ ಬರಲಿಲ್ಲ.

ಈಗ ಫೋಟೋದ ಮಾತು. ಔರಾದದ ಆ ಸ್ಟುಡಿಯೋ ನಮ್ಮ ಭಾವನವರದು. ಕ್ಯಾಮೆರಾದ ಹಿಂದೆ ಅವರೇ ನಿಲ್ಲುತ್ತಾರೆ. ಮದುವೆಯಾಗಿ ಬಂದ ದಿನದಿಂದ ಅವರೆದುರು ನನ್ನ ಸೆರಗು ಇಳಿದಿಲ್ಲ, ಈ ವಯಸ್ಸಿನಲ್ಲಿ ಇಳಿಸಲೇ? ಬೇರೆ ಸ್ಟುಡಿಯೋಗೆ ಹೋದರೆ ಅವರಿಗೆ ಅವಮಾನ. ಪಾಸ್‌ಪೋರ್ಟಿನದನ್ನು ಕಚೇರಿಯಲ್ಲಿ ಒಬ್ಬ ಹುಡುಗಿ ತೆಗೆದಳು, ಅಲ್ಲಿ ನನಗೆ ಏನೂ ಅನ್ನಿಸಲಿಲ್ಲ. ಇಷ್ಟೇ ಸಂಗತಿ. ನಿಮ್ಮ ತಲೆಯ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಇದನ್ನೆಲ್ಲ ಮೊದಲೇ ಬರೆಯಬಹುದಿತ್ತು, ಆದರೆ ನಿಮ್ಮ ಅಪ್ಪಣೆಯ ಕಾಗದ ನೋಡಿ ನನಗೂ ಹಟ ಬಂತು.

ಭಾಲ್ಕಿಯಲ್ಲಿ ಕುಬರಾ ಎಂಬ ಹೆಣ್ಣುಮಗಳ ಸ್ಟುಡಿಯೋ ಇದೆಯಂತೆ. ಹಜ್‌ಗೆ ಹೋಗುವ ಹೆಂಗಸರು ಅಲ್ಲಿಯೇ ಫೋಟೋ ತೆಗೆಸುತ್ತಾರಂತೆ, ಒಳಗೆ ಗಂಡಸರನ್ನು ಬಿಡುವುದಿಲ್ಲ. ಅಲ್ಲಿಗೆ ಹೋಗೋಣ. ಭಾಲ್ಕಿ ನಿಮ್ಮ ಊರೂ ಅಲ್ಲ, ನಮ್ಮ ಊರೂ ಅಲ್ಲ. ಯಾರು ಯಾರ ಮನೆಗೆ ಮೊದಲು ಹೋದರು ಎಂಬ ತಕರಾರು ಬರುವುದಿಲ್ಲ.

ಇನ್ನು ನಿಮ್ಮ ವೀಸಾದ ಮಾತು. ಬಾಧ್ಯತೆ ಕಾಣುವುದಿಲ್ಲ ಎಂದು ಅವರು ಬರೆದದ್ದು ಸುಳ್ಳಲ್ಲ. ಸಿಟ್ಟಾಗಬೇಡಿ, ಪೂರ್ತಿ ಓದಿ. ಇವರು ಕಂಬಳಿ ಕೊಡಲು ಬಂದಾಗ ನಿಮ್ಮ ಗೇಟಿಗೆ ಮನೆ ಬಾಡಿಗೆಗಿದೆ ಎಂಬ ಬೋರ್ಡು ತೂಗುತ್ತಿತ್ತು. ಕಪಾಟು ಹೊರಗೆ ನಿಂತಿತ್ತು, ಯಾರೋ ಕೊಂಡವರು ಒಯ್ಯುತ್ತಿದ್ದರು. ಮನೆಗೆ ಬಂದು, "ಆಕಿ ಹೋದ್ರ ತಿರುಗಿ ಬರಂಗ ಕಾಣಲ್ಲ" ಎಂದರು. ನೀವು ಮರ್ಸಿಗೂ ಇದನ್ನು ಹೇಳಿಲ್ಲ, ಅಲ್ಲವೇ? ನಿಮ್ಮ ಯಜಮಾನರು ಬರ್ನಬಾಸ ಮಾಸ್ತರರು ತೀರಿಹೋದ ಮೇಲೆ ಆ ಮನೆಯಲ್ಲಿ ಒಬ್ಬರೇ ಇದ್ದು ಬೇಸತ್ತಿದ್ದೀರಿ. ಅದು ತಪ್ಪಲ್ಲ. ಆದರೆ ಮೂರು ತಿಂಗಳ ವೀಸಾದ ಮೇಲೆ ಜೀವಮಾನ ಕಳೆಯಲಾಗುವುದಿಲ್ಲ, ಮಗಳನ್ನು ತೊಂದರೆಗೆ ಹಾಕಿದ ಹಾಗಾಗುತ್ತದೆ.

ನಮ್ಮ ಮನೆತನದಲ್ಲಿ ಒಂದು ರೂಢಿಯಿದೆ. ಸೊಸೆ ಬಂದರೆ ಅವಳ ತಾಯಿಯ ಹೆಸರಿಗೆ ಒಂದು ಕುರಿ ಬಿಡುತ್ತೇವೆ, ಹೆಣ್ಣು ಹಡೆದು ಸಾಕಿದ್ದಕ್ಕೆ. ಕುರಿ ನಮ್ಮ ಹಿಂಡಿನಲ್ಲೇ ಇರುತ್ತದೆ, ಅದರ ಮರಿ ಅವರದು. ಮರಿ ಹಾಕಿದಾಗ ಅವರೇ ಬಂದು ಕಿವಿಗೆ ಗುರುತು ಹಾಕಬೇಕು, ಬೇರೆಯವರು ಹಾಕುವಂತಿಲ್ಲ. ಸಿಟ್ಟಿನಲ್ಲಿ ನಿಮಗೆ ಬಿಟ್ಟಿರಲಿಲ್ಲ. ಮೊನ್ನೆ ಇವರು ಒಂದನ್ನು ಆರಿಸಿದ್ದಾರೆ. ಎಳೆ ಕುರಿ, ಬಹಳ ಗಟ್ಟಿ. ಮುಂದಿನ ತಿಂಗಳು ಟಗರು ಬಿಡುತ್ತೇವೆ, ದೀಪಾವಳಿಯ ಹೊತ್ತಿಗೆ ಮರಿ ಹಾಕಬೇಕು. ಬೋರ್ಡು ತೆಗೆಯಿರಿ. ಅರ್ಜಿ ಇಬ್ಬರದೂ ಹೋಗಲಿ.

ಗಂಗುಬಾಯಿ


ಬೀದರ
೧೨ ಏಪ್ರಿಲ್ ೨೦೨೫

ಬೀಗತಿ ಗಂಗುಬಾಯಿಗೆ,

ನಿಮ್ಮ ಕಾಗದವನ್ನು ಎರಡು ದಿನ ಮೇಜಿನ ಮೇಲೆ ಬೋರಲಾಗಿ ಇಟ್ಟಿದ್ದೆ. ಮನಸ್ಸಿನೊಳಗೆ ಕೈ ಹಾಕಿ ನೋಡಿಬಿಟ್ಟಿರಿ. ಮೂರನೇ ದಿನ ಮನೆಯ ಮಾಲೀಕ ಶಿವರಾಜಪ್ಪನವರ ಹತ್ತಿರ ಹೋಗಿ, ಮನೆ ಬಿಡುವುದಿಲ್ಲ ಎಂದೆ. "ಬ್ಯಾರೆ ಮಂದಿಗಿ ಮಾತ ಕೊಟ್ಟಿಲ್ರಿ ಸಿಸ್ಟರ್, ಇರ್ರಿ ಬೇಫಿಕರ್" ಎಂದರು. ಬೋರ್ಡು ಇಳಿಯಿತು. ಕಪಾಟು ಹೋದದ್ದು ಹೋಯಿತು, ಸೀರೆಗಳು ಈಗ ಕುರ್ಚಿಯ ಮೇಲಿವೆ.

ಕುರಿಯ ಬಗ್ಗೆ ಏನು ಬರೆಯಲಿ? ನಾನು ಇಂಜೆಕ್ಷನ್ ಮಾಡಬಲ್ಲೆ, ಕುರಿಯ ಕಿವಿ ಹಿಡಿಯಲು ಬಾರದು. ಕಲಿಸಿದರೆ ಕಲಿಯುತ್ತೇನೆ.

ಇನ್ನೊಂದು ತೊಡಕಿದೆ. ನೀವು ಮರ್ಸಿಗೆ ಅತ್ತೆ ಎಂಬುದಕ್ಕೆ ಎರಡೂ ಮನೆಯವರು ಕೂಡಿ ನಿಂತ ಮದುವೆಯ ಫೋಟೋ ಇದ್ದರೆ ಒಳ್ಳೆಯದು ಎಂದು ಅಬ್ದುಲ ಖಾದರ ಹೇಳುತ್ತಾರೆ. ಅಂಥದ್ದು ಎಲ್ಲಿದೆ? ಆ ದಿನ ನೀವೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಮದುವೆಯ ಸರ್ಟಿಫಿಕೇಟಿನಲ್ಲಿ ಇರುವುದು ಸಾಕ್ಷಿಗಳ ಸಹಿ ಮಾತ್ರ.

ಈಸ್ಟರ್ ಮುಗಿಯಲಿ. ೨೨ರಂದು ಮಂಗಳವಾರ ಭಾಲ್ಕಿಗೆ ಬರುತ್ತೇನೆ. ಬಸ್ ನಿಲ್ದಾಣದಲ್ಲಿ ನಿಲ್ಲಿ. ನನ್ನನ್ನು ನೀವು ನೋಡಿಲ್ಲ, ಕನ್ನಡಕ ಇದೆ, ಕಂದು ಬಣ್ಣದ ಕೈಚೀಲ ಇರುತ್ತದೆ.

ಎಡಿತ


ಸಂತಪುರ
೨೬ ಏಪ್ರಿಲ್ ೨೦೨೫

ಎಡಿತಕ್ಕನಿಗೆ,

ಅಕ್ಕ ಎಂದು ಬರೆದುಬಿಟ್ಟೆ. ನೀವು ನನಗಿಂತ ದೊಡ್ಡವರು, ಇನ್ನು ಬೇರೆ ಏನೆಂದು ಬರೆಯಲಿ?

ಕೈಚೀಲ ನೋಡಿ ಗುರುತು ಹಿಡಿಯಲಿಲ್ಲ. ಬಸ್ಸಿನಿಂದ ಇಳಿಯುವಾಗಲೇ ಕಂಡಕ್ಟರನಿಗೆ, "ಸರಿಯಾಗಿ ನಿಲ್ಸೋ ತಮ್ಮಾ, ವಯಸ್ಸಾದವರು ಇಳೀತಾರ" ಎಂದು ಬುದ್ಧಿ ಹೇಳುತ್ತಿದ್ದಿರಿ. ಇವರೇ ಇರಬೇಕು ಎಂದುಕೊಂಡೆ.

ಸ್ಟುಡಿಯೋದಲ್ಲಿ ಸೆರಗು ಇಳಿಸಿದಾಗ ಕುಬರಾಳೆದುರು ನಾಚಿಕೆಯಾಗಲಿಲ್ಲ. ನಿಮ್ಮೆದುರು ಆಯಿತು. ಕೂದಲು ತೆಳ್ಳಗಾಗಿದೆ, ಬಿಳಿಯಾಗಿದೆ, ಬೀಗರ ಕಣ್ಣಿಗೆ ಬೀಳುವುದು ಯಾರಿಗೆ ಇಷ್ಟ? ನೀವು ಚೀಲದಿಂದ ಬಾಚಣಿಗೆ ತೆಗೆದು ಹಿಂದೆ ನಿಂತು ಬಾಚಿದಿರಿ. ನಮ್ಮವ್ವ ಹೋದ ಮೇಲೆ ನನ್ನ ತಲೆಗೆ ಬೇರೆಯವರ ಕೈ ತಾಕಿದ್ದು ಅವತ್ತೇ. ಆ ಮಾತು ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತೇನೆ.

ನಾವಿಬ್ಬರೂ ಕೂಡಿ ಕುಳಿತ ಫೋಟೋಕ್ಕೆ ಕುಬರಾ ಎಷ್ಟು ಗೋಳು ಹೊಯ್ದುಕೊಂಡಳು. "ಹತ್ತರ ಸರೀರಿ ಬೀಗತೇರು, ನಿಮ್ಮ ನಡುವ ಔರಾದ ಬಸ್ ಹಾದ್ ಹೋಗ್ತದ" ಎಂದಳಲ್ಲ. ಫೋನಿನಲ್ಲಿ ಮಕ್ಕಳನ್ನು ಕರೆದು ಆ ಫೋನನ್ನು ನಮ್ಮಿಬ್ಬರ ಕೈಗೆ ಕೊಟ್ಟು ತೆಗೆಯುವ ಉಪಾಯವೂ ಅವಳದೇ. ಮರ್ಸಿ ನಮ್ಮನ್ನು ಒಟ್ಟಿಗೆ ನೋಡಿ ಮೊದಲು ನಕ್ಕಳು, ಆಮೇಲೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ನಾಲ್ಕೂ ಮುಖ ಒಂದು ಫೋಟೋದಲ್ಲಿ ಬಂದಿವೆ. ಒಂದು ಪ್ರತಿ ದೇವರ ಮಾಡದಲ್ಲಿ ಇಟ್ಟಿದ್ದೇನೆ. ಮದುವೆಯ ಫೋಟೋ ಎಂದು ಬಂದವರಿಗೆ ತೋರಿಸುತ್ತಿದ್ದೇನೆ.

ಗಂಗು


ಬೀದರ
೬ ಮೇ ೨೦೨೫

ಗಂಗುಗೆ,

ಅರ್ಜಿ ಹೋಯಿತು, ಎರಡೂ ಒಂದೇ ಲಕೋಟೆಯಲ್ಲಿ.

ನಿನ್ನ ಪತ್ರದಲ್ಲಿ ಹೊಲ, ನಿನ್ನ ಯಜಮಾನರು ಧೊಂಡಿಬಾ ಅವರ ವಿಷಯ ಬರೆದೆ. ನೀನು ಒಂದೂವರೆ ತಿಂಗಳು ಮಾತ್ರ ಇರುವುದು ಎಂದೂ ಬರೆದೆ. ನನ್ನ ಪತ್ರದಲ್ಲಿ ಹಿಂದಿನ ಸಲ ವೀಸಾ ಸಿಗದ ಸಂಗತಿಯನ್ನು ಮುಚ್ಚಿಡಲಿಲ್ಲ, ಮುಚ್ಚಿಟ್ಟರೆ ಅದೇ ದೊಡ್ಡ ತಪ್ಪಾಗುತ್ತದಂತೆ. ಬಾಡಿಗೆಯ ಹೊಸ ಕರಾರು ಇಟ್ಟೆ. ಕೊನೆಗೆ, ಸಂತಪುರದ ಹಿಂಡಿನಲ್ಲಿ ನನ್ನದೊಂದು ಕುರಿ ಇದೆ, ಅಕ್ಟೋಬರಿನಲ್ಲಿ ಮರಿ ಹಾಕುತ್ತದೆ, ಆ ಹೊತ್ತಿಗೆ ನಾನು ಅಲ್ಲಿರಬೇಕು ಎಂದೂ ಬರೆದೆ. ಅಬ್ದುಲ ಖಾದರ ಓದಿ ಪೆನ್ನು ಎತ್ತಿದರು. "ಇದು ಹೊಡೆದು ಹಾಕ್ತೇನ್ರಿ, ನಗ್ತಾರ ಅವರು" ಎಂದರು. ನಗಲಿ, ಇರಲಿ ಎಂದೆ. ನನ್ನ ಹತ್ತು ಹಾಳೆಗಳಲ್ಲಿ ಇದೊಂದೇ ಸಾಲನ್ನು ನಾನು ಮನಸ್ಸಿಟ್ಟು ಬರೆದದ್ದು.

ಸಿಗುತ್ತದೆಯೋ ಇಲ್ಲವೋ, ಹೇಳಲಾಗದು. ಮರ್ಸಿಯ ಬಿಪಿ ಸದ್ಯಕ್ಕೆ ಹತೋಟಿಯಲ್ಲಿದೆ. ದಿನಾ ಪ್ರಾರ್ಥನೆಯಲ್ಲಿ ಇಡುತ್ತಿದ್ದೇನೆ. ನೀನೂ ನಿನ್ನ ದೇವರಿಗೆ ಹೇಳು.

ಎಡಿತ


ಬೀದರ
೧೭ ಜೂನ್ ೨೦೨೫

ಗಂಗು,

ಆಯಿತು. ಇಬ್ಬರದೂ ಆಯಿತು. ಫೋನಿನಲ್ಲಿ ಹೇಳಿದಾಗ ನೀನು ಅಳುತ್ತಿದ್ದೆ, ನಾನೂ ಅಳುತ್ತಿದ್ದೆ, ಯಾವ ಮಾತೂ ಸರಿಯಾಗಿ ಮುಗಿಯಲಿಲ್ಲ. ಅದಕ್ಕೆ ಮುಖ್ಯವಾದದ್ದನ್ನು ಬರೆಯುತ್ತೇನೆ.

ತುಪ್ಪ ತರಬೇಡ. ಹಾಲಿನದು, ಮಾಂಸದ್ದು ಏನನ್ನೂ ಆ ದೇಶದೊಳಗೆ ಬಿಡುವುದಿಲ್ಲ. ಬಾಣಂತಿಗೆ ಕೊಡುವ ಅಂಟಿನ ಉಂಡೆಯೂ ಬೇಡ, ಅದರಲ್ಲಿ ತುಪ್ಪವಿರುತ್ತದೆ. ಅಂಟು, ಖಾರಿಕ, ಒಣಕೊಬ್ಬರಿಯನ್ನು ಬೇರೆ ಬೇರೆ ಕಟ್ಟು, ಕೇಳಿದರೆ ತೆರೆದು ತೋರಿಸೋಣ. ವೀಸಾ ಬಂದ ಮಾತ್ರಕ್ಕೆ ಮುಗಿಯಲಿಲ್ಲ, ಅಲ್ಲಿ ಇಳಿದ ಮೇಲೂ ಅಧಿಕಾರಿ ಕೇಳುತ್ತಾನೆ. ಯಾಕೆ ಬಂದಿರಿ, ಎಲ್ಲಿ ಇರುತ್ತೀರಿ, ಯಾವಾಗ ಹೋಗುತ್ತೀರಿ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನಾನು ಪಕ್ಕದಲ್ಲೇ ಇರುತ್ತೇನೆ.

ಜುಲೈ ೮ರಂದು ಹೈದರಾಬಾದಿನಿಂದ ವಿಮಾನ. ಹಿಂದಿನ ದಿನವೇ ಬಂದು ನನ್ನ ಮನೆಯಲ್ಲಿ ಮಲಗು. ಕಪಾಟಿಲ್ಲ, ಹಾಸಿಗೆ ಇದೆ.

ನಿನ್ನ ಎಡಿತಕ್ಕ


ಸಂತಪುರ
೨೦ ಆಗಸ್ಟ್ ೨೦೨೫

ಎಡಿತಕ್ಕನಿಗೆ,

ಸುಖವಾಗಿ ಊರು ಮುಟ್ಟಿದೆ. ನಡುವೆ ವಿಮಾನ ಬದಲಿಸುವಲ್ಲಿ ಒಬ್ಬ ಹುಡುಗಿ ಕೈ ಹಿಡಿದು ಕರೆದುಕೊಂಡು ಹೋದಳು. ನೀವು ಪಕ್ಕದಲ್ಲಿಲ್ಲದ್ದಕ್ಕೆ ಯಾರೂ ಬೈಯಲಿಲ್ಲ, ದಾರಿ ಬಹಳ ಉದ್ದ ಅನಿಸಿತು.

ಇವರು ಸೊರಗಿದ್ದಾರೆ. ಒಬ್ಬರೇ ಅಡುಗೆ ಮಾಡಿಕೊಂಡು ಉಂಡಿದ್ದಾರೆ, ರೊಟ್ಟಿಯ ಸುದ್ದಿ ಕೇಳಬೇಡಿ. ಕೂಸಿನ ಫೋಟೋ ನೋಡಿ, "ಮೂಗು ನಮ್ಮ ಮನೀದು" ಎಂದರು. ಇಲ್ಲ, ಬರ್ನಬಾಸ ಮಾಸ್ತರರದು ಎಂದೆ. ನಿಮ್ಮ ಗೋಡೆಯ ಮೇಲೆ ಅವರ ಫೋಟೋ ನೋಡಿದ್ದೇನಲ್ಲ.

ಆ ರಾತ್ರಿ ಆಸ್ಪತ್ರೆಯ ಬಾಗಿಲಲ್ಲಿ ನೀವು ನನ್ನ ಕೈ ಹಿಡಿದದ್ದು ಇನ್ನೂ ನೆನಪಾಗುತ್ತದೆ. ಹಿಡಿದ ಗುರುತು ಮೂರು ದಿನ ಇತ್ತು. ಕೂಸು ಅತ್ತ ಮೇಲೆಯೇ ಬಿಟ್ಟಿರಿ. ಹೆರಿಗೆ ಮಾಡಿಸಿ ಕೈ ಸವೆದ ಹೆಂಗಸು ಹೀಗೆ ಹೆದರುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ.

ಅನೀಲ ಫೋನು ಮಾಡಿದ್ದ. ನಿಮ್ಮನ್ನು ಅಲ್ಲೇ ಇಟ್ಟುಕೊಳ್ಳುವುದಕ್ಕೆ ಏನಾದರೂ ದಾರಿ ಇದೆಯೇ ಎಂದು ಮರ್ಸಿ ವಿಚಾರಿಸುತ್ತಿದ್ದಾಳಂತೆ. ಕಾನೂನಿನಲ್ಲಿ ಅಂಥ ದಾರಿ ಇದ್ದು, ನಿಮಗೂ ಇರಬೇಕು ಅನಿಸಿದರೆ ಇರಿ. ಮಗಳು, ಮೊಮ್ಮಗಳು ಅಲ್ಲಿರುವಾಗ ಬಾ ಎನ್ನುವುದಕ್ಕೆ ನಾನ್ಯಾರು? ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ನೀವು ನರ್ಸ್ ಎಂದು ನನ್ನಿಂದ ತಿಳಿದ ಮೇಲೆ ನಮ್ಮ ಓಣಿಯ ಸುಭದ್ರಾಬಾಯಿ ನೀವು ಯಾವಾಗ ಬರುತ್ತೀರಿ ಎಂದು ಕೇಳುತ್ತಿರುತ್ತಾಳೆ, ಬಿಪಿ ನೋಡಿಸಬೇಕಂತೆ. ಗೊತ್ತಿಲ್ಲ ಎಂದಿದ್ದೇನೆ.

ಗಂಗು


ಕಾರ್ಕ್, ಐರ್ಲೆಂಡ್
೫ ಸೆಪ್ಟೆಂಬರ್ ೨೦೨೫

ಗಂಗು,

ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಬರೆದ ಸಾಲಿನಲ್ಲಿ ಪೆನ್ನು ಒತ್ತಿ ಹಾಳೆ ಹರಿದಿದೆ. ನೋಡಿದೆ.

ಮರ್ಸಿ ಈಗ ಮೆಟ್ಟಿಲು ಹತ್ತಿ ಇಳಿಯುತ್ತಾಳೆ, ಬಿಪಿ ಇಳಿದಿದೆ, ಕೂಸಿಗೆ ಹಾಲು ಸಾಲುತ್ತಿದೆ. ಅನೀಲ ರಾತ್ರಿ ಎದ್ದು ಕೂಸನ್ನು ಹೊತ್ತು ತಿರುಗುತ್ತಾನೆ. ನಿನ್ನ ಮಗನನ್ನು ನಾನು ಮೂರು ವರ್ಷ ಸುಮ್ಮನೆ ಬೈದೆ. ಇದನ್ನು ಅವನೆದುರೇ ಹೇಳಿದ್ದೇನೆ, ನಿನಗೂ ಹೇಳುತ್ತೇನೆ.

ಒಂದು ಮಾತು ಒಪ್ಪಿಕೊಳ್ಳಬೇಕು. ವೀಸಾ ಸಿಕ್ಕ ದಿನವೂ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ, ಅಲ್ಲಿ ಹೋದ ಮೇಲೆ ನೋಡೋಣ ಎಂಬುದಿತ್ತು. ನೀನು ಹೊರಟ ದಿನ ವಿಮಾನ ನಿಲ್ದಾಣದಿಂದ ಮನೆಗೆ ಬಂದೆವು. ಮಗಳಿದ್ದಳು, ಕೂಸಿತ್ತು, ಆದರೂ ಅಡುಗೆಮನೆಯಲ್ಲಿ ನಿಂತು ಯಾರ ಜೊತೆ ಜಗಳ ಮಾಡಲಿ ಎಂದು ತಿಳಿಯಲಿಲ್ಲ. ನನಗೆ ಊರು ನೆನಪಾದದ್ದು ಅವತ್ತೇ.

ಸೆಪ್ಟೆಂಬರ್ ೨೫ಕ್ಕೆ ಹೊರಡುತ್ತೇನೆ. ಇನ್ನೂ ಕೆಲವು ದಿನ ಇರಲು ವೀಸಾದಲ್ಲಿ ಅವಕಾಶವಿದೆ, ಬೇಡ ಎಂದೆ. ನಿನ್ನೆ ಟಿಕೇಟು ಬುಕ್ ಮಾಡುವಾಗ ಮರ್ಸಿ ಗುಂಡಿ ಒತ್ತದೆ ಕುಳಿತಳು.

"ಇನ್ನ ಸೊಲ್ಪ ದಿನ ಇರು ಅಮ್ಮಾ. ಅಪ್ಪ ಇಲ್ಲ, ನಾ ಇಲ್ಲ. ಅಲ್ಲಿ ಯಾರದಾರ ನಿನಗ?" ಎಂದಳು.

ನಾನು ನಿ‌ನ್ನ ಹೆಸರು ಹೇಳಿದೆ.

ಎಡಿತಕ್ಕ